ಬೀಜಾಡಿಯಲ್ಲಿ ಚೋಲಿ ಅಮ್ಮ

ಕುಂದಾಪುರದ ಬಳಿ, ಕಡಲ ಬದಿಯ ಬೀಜಾಡಿಯ ಬಾಡಿಗೆ ಮನೆಗೆ ಕಾಲಿಟ್ಟ ದಿನ ಹೊಸ್ತಿಲು ದಾಟಲು ಗೋಡೆಗೆ ಕೈ ಕೊಟ್ಟೆ. ತಟ್ಟನೆ ಹಿಂದಕ್ಕೆ ಎಳೆದುಕೊಂಡೆ. ಗೋಡೆ ಬೆವರುತ್ತಿತ್ತು. ಎರಡು ದಿನ ನೀರಲ್ಲಿ ಬಿದ್ದ ಮೋಸಂಬಿ ಸಿಪ್ಪೆಯ ಹಾಗೆ, ಮೆತ್ತಗೆ, ತಣ್ಣಗೆ. ವಾಸನೆಯೂ ಅದೇ.

"ಶಾಂತಾ, ಮನೀನ ಸಿಪ್ಪಿ ಸಿಪ್ಪಿ ಆಗೇತಲ್ಲ" ಅಂದೆ.

"ಯವ್ವಾ, ಶುರು ಮಾಡಿದಿ ನೋಡು" ಎಂದು ಮಗಳು ನಕ್ಕಳು.

ಗದಗಿನ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹಣ್ಣು ಮಾರಿದವಳು ನಾನು. ಸಗಟು ಕೊಳ್ಳುವಾಗ ಯಾರೂ ಹಣ್ಣು ಕೊಯ್ದು ತೋರಿಸುವುದಿಲ್ಲ. ಸಿಪ್ಪೆ ಮುಟ್ಟಿ, ಮೂಸಿ, ಒಳಗಿನದು ಹೇಳಬೇಕು. ಹಾಗಾಗಿ ನನಗೆ ಕಂಡದ್ದೆಲ್ಲ ಸಿಪ್ಪೆ. ಸವೆದ ಟವೆಲ್ಲು ಚಿಕ್ಕು ಸಿಪ್ಪೆ, ಹೊಸ ಬಕೀಟಿನ ವಾಸನೆ ಕಿತ್ತಳೆ ಸಿಪ್ಪೆ.

ಶಾಂತಾಳಿಗೆ ಇಲ್ಲಿಗೆ ಹತ್ತಿರದ ಸರಕಾರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಅಳಿಯನ ಕೆಲಸ ಹುಬ್ಬಳ್ಳಿಯಲ್ಲೇ. ಏಳು ವರ್ಷದ ಮೊಮ್ಮಗಳು ಚಿನ್ನಿಯನ್ನು ನೋಡಿಕೊಳ್ಳಲು ನಾನು ಬಂದೆ, ಒಂದೇ ವರ್ಷ ಎಂಬ ಮಾತಿನ ಮೇಲೆ. ಟ್ರಂಕು ಖಾಲಿ ಮಾಡಲೇ ಇಲ್ಲ. ಮೇಲಿನಿಂದ ಒಂದು ಸೀರೆ ಎಳೆದುಕೊಂಡು ಮುಚ್ಚಳ ಹಾಕುತ್ತಿದ್ದೆ.

ನಮ್ಮಲ್ಲಿ ಬಿಸಿಲು ಸುಡುತ್ತದೆ, ಇಲ್ಲಿ ಅಂಟುತ್ತದೆ. ಅಲ್ಲಿ ಕಡಕ್ ರೊಟ್ಟಿ ತಿಂಗಳು ಇಟ್ಟರೂ ಮುರಿದರೆ ಸದ್ದಾಗುತ್ತದೆ. ಇಲ್ಲಿ ಬೆಳಿಗ್ಗೆ ಬಡಿದದ್ದು ಮಧ್ಯಾಹ್ನಕ್ಕೆ ಜೋಲು. ಭಾಷೆ ಕನ್ನಡವೇ, ಆದರೆ ಓಡುವ ಕನ್ನಡ. ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ "ಹ್ವಾಯ್" ಎಂದಾಗ ಜಗಳಕ್ಕೆ ಕರೆದಳು ಅಂದುಕೊಂಡು ಸೆರಗು ಬಿಗಿದು ಹೋದೆ. ಇಲ್ಲಿ ಕೂಗಿ ಕರೆಯುವುದೇ ಹಾಗೆ. ಅವಳ ಅಡುಗೆಮನೆಯಲ್ಲಿ ಪುನರ್ಪುಳಿ ಎಂಬ ಹುಳಿಹಣ್ಣಿನ ಒಣಸಿಪ್ಪೆ ಡಬ್ಬಿ ತುಂಬ ಇತ್ತು. ತಿರುಳು ಬಿಟ್ಟು ಸಿಪ್ಪೆ ಕಾಪಿಡುವ ಊರನ್ನು ನಾನು ಕಂಡಿರಲಿಲ್ಲ. ಸಿಪ್ಪೆಗೆ ಇಲ್ಲಿ ಚೋಲಿ ಅನ್ನುತ್ತಾರೆ.

"ನಿಮ್ಗೆ ಎಲ್ಲದ್ರಲ್ಲೂ ಚೋಲಿಯೇ ಕಾಂಬುದಾ?" ಎಂದು ಗಿರಿಜಕ್ಕ ನನಗೆ ಚೋಲಿ ಅಮ್ಮ ಅಂತಲೇ ಹೆಸರಿಟ್ಟಳು.

ಬೇಸಿಗೆಗೆ ಚಿನ್ನಿಯ ನೀರಡಿಕೆ ಹೆಚ್ಚಿತು. ಕರಾವಳಿಯ ಸೆಖೆ, ಬೆವರು, ಕುಡಿಯಲಿ ಅಂದುಕೊಂಡೆ. ಪುನರ್ಪುಳಿ ಸಿಪ್ಪೆ ನೆನೆಸಿ, ಕೈತುಂಬ ಸಕ್ಕರೆ ಸುರಿದು, ಲೋಟದ ಮೇಲೆ ಲೋಟ ಕೊಟ್ಟೆ. ನನ್ನ ಶರಬತ್ತು ಸೇರಿತು ಅಂತ ಹಿಗ್ಗಿದೆ. ಲಂಗ ಸೊಂಟದಿಂದ ಜಾರತೊಡಗಿದಾಗ ಗುಂಡಿ ಸರಿಸಿ ಹೊಲಿದೆ. ದಡ್ಡತನ ನನ್ನದೇ, ಬರೆದೇ ಬಿಡುತ್ತೇನೆ.

ಒಂದು ಬೆಳಿಗ್ಗೆ ಜಡೆ ಹಾಕುವಾಗ ಚಿನ್ನಿ ಆಕಳಿಸಿದಳು. ನನ್ನ ಕೈ ನಿಂತಿತು. ಅವಳ ಉಸಿರು ಬುಟ್ಟಿಯ ತಳದಲ್ಲಿ ಮರೆತ, ಕಪ್ಪು ಚುಕ್ಕೆ ಬಿದ್ದ ಬಾಳೆಯ ಸಿಪ್ಪೆ. ಸಿಹಿ ಕೆಟ್ಟು ಹುಳಿಗೆ ತಿರುಗುವ ಹೊತ್ತಿನ ವಾಸನೆ.

ಶಾಂತಾಳಿಗೆ ಹೇಳಿದೆ. ಅವಳು, "ಗ್ವಾಡಿನೂ ಸಿಪ್ಪಿ, ಟವೆಲ್ಲೂ ಸಿಪ್ಪಿ, ಈಗ ಕೂಸಿನ ಬಾಯೂ ಸಿಪ್ಪಿ ಆತೇನು? ಬಾಳಿಹಣ್ಣು ತಿಂದಿರತಾಳ, ಬಿಡಬೇ" ಎಂದು ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದಳು. ಅವಳನ್ನು ದೂರಲಾರೆ. ಎಲ್ಲದಕ್ಕೂ ಸಿಪ್ಪೆ ಅಂದವಳ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಆದರೆ ಮನೆಯಲ್ಲಿ ನಾಲ್ಕು ದಿನದಿಂದ ಬಾಳೆಹಣ್ಣೇ ಇರಲಿಲ್ಲ. ಉಪ್ಪುನೀರಲ್ಲಿ ಬಾಯಿ ತೊಳೆಸಿ ಮತ್ತೆ ಮೂಸಿದೆ. ವಾಸನೆ ಹೋಗಿರಲಿಲ್ಲ. ಅದು ಬಾಯಿಯದಲ್ಲ, ಒಳಗಿನದು. ಚಿನ್ನಿ ಹೊಟ್ಟೆನೋವು ಅಂತ ಮುದುಡಿಕೊಂಡಳು, ಉಸಿರು ದೊಡ್ಡದಾಯಿತು. ಎತ್ತಿಕೊಂಡು ಗಿರಿಜಕ್ಕನ ಅಂಗಳಕ್ಕೆ ನಡೆದೆ.

"ಇಕಿ ಬಾಯಿ ಮೂಸು."

"ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ನಿಮ್ದ್..." ಎನ್ನುತ್ತ ಬಗ್ಗಿದಳು. ನಗು ಅಲ್ಲೇ ನಿಂತಿತು. "ಹೌದಲೆ. ಕೊಳ್ತ ಬಾಳೆಹಣ್ಣಿನ್ ಚೋಲಿಯೇ. ಇದ್ ಬರೀ ಸೆಖೆ ಅಲ್ಲ. ಹೋಪ. ಈಗ್ಳೇ ಹೋಪ."

ಹೋಪ ಅಂದರೆ ಹೋಗೋಣ. ಆವತ್ತು ಅರ್ಥ ಕೇಳುತ್ತ ನಿಲ್ಲಲಿಲ್ಲ.

ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿ, ಸಕ್ಕರೆ ಕಾಯಿಲೆ, ಮಕ್ಕಳಿಗೂ ಬರುತ್ತದೆ ಅಂದರು. ಅದು ಮಿತಿ ಮೀರಿದಾಗ ಉಸಿರೇ ಹಣ್ಣಿನ ವಾಸನೆ ಹೊಡೆಯುತ್ತದಂತೆ. ಇನ್ನೊಂದು ದಿನ ತಡೆದಿದ್ದರೆ ಕಷ್ಟವಿತ್ತಂತೆ. "ಯಾರು ಗಮನಿಸಿದ್ದು?" ಎಂದು ಕೇಳಿದರು.

"ಇವ್ರೇ, ನಮ್ಮ್ ಚೋಲಿ ಅಮ್ಮ" ಎಂದಳು ಗಿರಿಜಕ್ಕ.

ಶರಬತ್ತಿನ ವಿಷಯ ನಾನೇ ಬಾಯಿ ಬಿಟ್ಟೆ. ಕಾಯಿಲೆ ಅದರಿಂದ ಬಂದದ್ದಲ್ಲ, ಇನ್ನು ಮಾತ್ರ ಕೊಡಬೇಡಿ ಅಂದರು. ಎರಡು ದಿನ ಚಿನ್ನಿ ಸರಿಯಾಗಿ ಕಣ್ಣು ಬಿಡಲಿಲ್ಲ. ಸುದ್ದಿ ತಿಳಿದು ಓಡಿಬಂದ ಶಾಂತಾ ಬೆಂಚಿನ ಮೇಲೆ ನನ್ನ ಸೆರಗಿನ ತುದಿ ಹಿಡಿದು ಕೂತಿದ್ದಳು. ಮೂರನೇ ದಿನ ಮಗು ಎದ್ದು ಇಡ್ಲಿ ಕೇಳಿತು.

ಈಗ ಚಿನ್ನಿಗೆ ದಿನಕ್ಕೆ ನಾಲ್ಕು ಇನ್ಸುಲಿನ್ ಸೂಜಿ. ನನ್ನ ಒಂದು ವರ್ಷ ಯಾವಾಗಲೋ ಮುಗಿಯಿತು. ಸಂಜೆಯಾದರೆ ಕಾಲು ನಿಲ್ಲುವುದಿಲ್ಲ, ಕಡಲ ತನಕ ಹೋಗುತ್ತೇನೆ. ಮರಳು ತುಳಿದರೆ ನಮ್ಮ ಎರೆಮಣ್ಣು ಬೇಕೆನಿಸುತ್ತದೆ, ತಿರುಗಿ ಬರುತ್ತೇನೆ. ನಡುವೆ ವಾರದ ಮಟ್ಟಿಗೆಂದು ಗದಗಿಗೆ ಹೋಗಿದ್ದೆ. ಮಾರ್ಕೆಟ್ಟಿನಲ್ಲಿ ನನ್ನ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ಅವಳ ಪೇರಲ ಒಂದನ್ನು ಕೈಗೆತ್ತಿಕೊಂಡು ಮೂಸಿದೆ. ಬೆಳಗಾದರೆ ಬೀಜಾಡಿಯಲ್ಲಿ ಮಗುವಿನ ಬಾಯಿ ಯಾರು ಮೂಸುತ್ತಾರೆ ಎಂಬುದೇ ತಲೆಯಲ್ಲಿ. ಮರುದಿನ ಬಸ್ಸು ಹತ್ತಿದೆ.

ಬೆರಳು ಚುಚ್ಚಿ ನೋಡುವ ಮೆಷಿನ್ನು ಮನೆಯಲ್ಲಿದೆ. ಆದರೂ ಚಿನ್ನಿ ಎದ್ದ ಕೂಡಲೇ ಬಾಯಿ ತೆರೆದು ನನ್ನ ಮುಂದೆ ನಿಲ್ಲುತ್ತಾಳೆ.

"ಎಂತಾರೂ ವಾಸ್ನಿ ಬತ್ತಾ, ಅಜ್ಜಿ?"

ಮಾತು ಪೂರಾ ಇಲ್ಲಿಯದಾಗಿದೆ. ಬಗ್ಗಿ ಮೂಸುತ್ತೇನೆ. "ಏನೂ ಇಲ್ಲ, ಹೋಗು" ಅನ್ನುತ್ತೇನೆ. ಅವಳು ಓಡುತ್ತಾಳೆ. ನಾನು ಟ್ರಂಕಿನ ಮುಚ್ಚಳ ತೆಗೆದು, ಮೇಲಿನಿಂದ ಆವತ್ತಿನ ಸೀರೆ ಎಳೆದುಕೊಂಡು, ಮತ್ತೆ ಮುಚ್ಚುತ್ತೇನೆ.