ಮೇಷ್ಟ್ರಿಗೆ ಇಟ್ಟ ದೃಷ್ಟಿಬೊಟ್ಟು

ನಮ್ಮೂರಿನಲ್ಲಿ ಮೇಷ್ಟ್ರನ್ನು ಹೊಗಳುವ ಹಾಗಿರಲಿಲ್ಲ. ಬಾಗೂರು ಸಂತೆಯಲ್ಲಿ ಯಾರಾದರೂ "ನಿಮ್ಮೂರ ಮೇಷ್ಟ್ರು ಎಂಗವ್ರೆ?" ಎಂದು ಕೇಳಿದರೆ, "ಏನೋ, ಅವ್ರೆ ಕಣ. ಬತ್ತಾರೆ, ಓಯ್ತಾರೆ" ಎಂದು ಹೇಳಿ, ಮಾತನ್ನು ಮೆಣಸಿನಕಾಯಿ ರೇಟಿನ ಕಡೆಗೆ ತಿರುಗಿಸಬೇಕು. ಇದು ನಮ್ಮ ತಾತನ ಕಟ್ಟಪ್ಪಣೆ. ಊರಿನಲ್ಲಿ ತಾತನಿಗೆ ಹೊಲ ಜಾಸ್ತಿ ಇತ್ತು, ಹಾಗಾಗಿ ಅಭಿಪ್ರಾಯಗಳೂ ಜಾಸ್ತಿ ಇದ್ದವು.

ಅಪ್ಪಣೆಗೆ ಕಾರಣವಿತ್ತು. ಪಕ್ಕದೂರಿನವರು ತಮ್ಮ ಮೇಷ್ಟ್ರು ಚಿನ್ನದಂಥವರು ಎಂದು ಶಾಲಾ ಇನ್‌ಸ್ಪೆಕ್ಟರ ಮುಂದೆ ಬಾಯ್ತುಂಬ ಹೇಳಿದ್ದರು. ಮೂರು ತಿಂಗಳಲ್ಲಿ ಆ ಮೇಷ್ಟ್ರಿಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಮಧ್ಯಾಹ್ನದ ನಿದ್ದೆಯನ್ನು ಬೆಳಿಗ್ಗೆಯೇ ಶುರು ಮಾಡುತ್ತಿದ್ದರು. ನಮ್ಮೂರಿನಲ್ಲೂ ಮೊದಲು ಇದ್ದವರು ಹೆಚ್ಚು ಕಡಿಮೆ ಹಾಗೇ. ತಿಂಗಳಿಗೆ ನಾಲ್ಕು ಸಲ ಬರುತ್ತಿದ್ದರು, ನಾಲ್ಕು ಸಲವೂ ಬೆಣ್ಣೆ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಈ ಮೇಷ್ಟ್ರು ಬಂದ ಮೇಲೆ ಊರಿಗೇ ಒಂಥರಾ ಗಾಬರಿಯಾಯಿತು. ನಾಲ್ಕು ತರಗತಿಗೆ ಇವರೊಬ್ಬರೇ, ಆದರೆ ದಿನಾ ಬರುತ್ತಿದ್ದರು. ಜೋಳ ಹಾಲುಗಟ್ಟುವ ಕಾಲಕ್ಕೆ ಮಕ್ಕಳೆಲ್ಲ ಶಾಲೆ ಬಿಟ್ಟು ಹಕ್ಕಿ ಕಾಯಲು ಅಟ್ಟಣೆ ಹತ್ತಿದರೆ, ಇವರು ಕೊಡೆ ಹಿಡಿದು ಹೊಲ ಹೊಲ ತಿರುಗಿದರು. "ಬರೀ ಹೋ ಅಂತ ಯಾಕೆ ಕೂಗ್ತೀರಿ? ಮಗ್ಗಿ ಕೂಗಿದರೂ ಗಿಣಿ ಓಡ್ತವೆ" ಎಂದರು. ಆ ವರ್ಷ ನಮ್ಮೂರಿನ ಗಿಣಿಗಳು ಇಪ್ಪತ್ತರ ಮಗ್ಗಿಯವರೆಗೆ ಕೇಳಿಸಿಕೊಂಡವು. ಊರಾಚೆ ಕೇರಿಯ ಮಕ್ಕಳನ್ನು ನಮ್ಮ ಪಕ್ಕ ಅದೇ ಚಾಪೆಯ ಮೇಲೆ ಕೂರಿಸಿದಾಗ ತಾತ ಒಂದು ವಾರ ಅವರ ಜೊತೆ ಮಾತು ಬಿಟ್ಟ. ಎಂಟನೆಯ ದಿನ ಚನ್ನರಾಯಪಟ್ಟಣದ ಕೋರ್ಟಿನಿಂದ ಬಂದ ಕಾಗದವನ್ನು ನಾನು ತಡವರಿಸದೆ ಓದಿಬಿಟ್ಟೆ. ತಾತ ಎದ್ದು ಹೋಗಿ ತಾನೇ ಮೇಷ್ಟ್ರನ್ನು ಮಾತಾಡಿಸಿದ.

ಹಸುಗೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರಲ್ಲ, ಹಾಗೆ ಊರು ಅವರನ್ನು ತೆಗಳಿ ತೆಗಳಿ ಕಾಪಾಡಿಕೊಂಡಿತು.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ, ಇನ್‌ಸ್ಪೆಕ್ಟರು ಬರುತ್ತಾರೆಂದು ನುಗ್ಗೇಹಳ್ಳಿಯಿಂದ ಸುದ್ದಿ ಬಂತು. ಹಿಂದಿನ ದಿನ ತಾತ ಶಾಲೆಯ ಮಕ್ಕಳನ್ನೆಲ್ಲ ನಮ್ಮ ಜಗಲಿಗೆ ಕರೆಸಿ, ತಲೆಗೊಂದು ಹಿಡಿ ಹುರಿಗಡಲೆ ಕೊಟ್ಟ.

"ನಾಳೆ ಇನ್‌ಸ್ಪೆಟ್ರು ಏನ್ ಕೇಳುದ್ರೂ ಗೊತ್ತಿಲ್ಲ ಸಾ ಅನ್ಬೇಕು. ಗೊತ್ತು ಅಂದ್ರೋ, ಮೇಷ್ಟ್ರು ಓಗ್ಬುಡ್ತಾರೆ. ಆಮೇಲೆ ಬೆಣ್ಣೆ ಮೇಷ್ಟ್ರೇ ಬತ್ತಾರೆ. ತಿಳೀತೇನ್ರಲಾ?"

ತಿಳಿಯಿತು ಎಂದೆವು.

ಅದೇ ಸಂಜೆ ಮೇಷ್ಟ್ರ ಮಗಳು ನನಗೆ ತಲೆ ಬಾಚುತ್ತಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳು, ಅಕ್ಕ ಎಂದು ಕರೆಯುತ್ತಿದ್ದೆ. ದಿನಾ ನಡೆದುಹೋಗಿ ಬಾಗೂರಿನ ಮಿಡ್ಲ್ ಸ್ಕೂಲು ಮುಗಿಸಿದ್ದಳು. ಹೈಸ್ಕೂಲು ಇದ್ದದ್ದು ಚನ್ನರಾಯಪಟ್ಟಣದಲ್ಲಿ. ಅಲ್ಲಿ ಯಾರದೋ ಮನೆಯಲ್ಲಿ ಮಗಳನ್ನು ಬಿಟ್ಟು ಓದಿಸುವಷ್ಟು ಸಂಬಳ ಮೇಷ್ಟ್ರಿಗೆ ಇರಲಿಲ್ಲ, ಧೈರ್ಯ ಅವರ ಹೆಂಡತಿಗೆ ಇರಲಿಲ್ಲ.

"ನಾಳೆ ಚೆನ್ನಾಗಿ ಹೇಳೇ" ಎಂದಳು ಅಕ್ಕ. "ಅಪ್ಪ ಚನ್ನರಾಯಪಟ್ಟಣಕ್ಕೆ ವರ್ಗ ಕೇಳಿದಾರೆ. ಇನ್‌ಸ್ಪೆಕ್ಟರು ಒಳ್ಳೇದು ಬರೆದ್ರೆ ಆಗುತ್ತಂತೆ. ನಾನು ಹೈಸ್ಕೂಲು ಸೇರ್ತೀನಿ."

ನಾನು ಹೂಂ ಎಂದೆ. ಹುರಿಗಡಲೆ ಇನ್ನೂ ಲಂಗದ ಗಂಟಿನಲ್ಲಿತ್ತು.

ಇನ್‌ಸ್ಪೆಕ್ಟರು ಬಿಸಿಲಲ್ಲಿ ನಡೆದು ಬಂದು ಎಳನೀರು ಕುಡಿದು ಕೂತರು. ರಾಜ್ಯದ ರಾಜಧಾನಿ ಯಾವುದು ಎಂದಾಗ ಒಬ್ಬ ಬಾಗೂರು ಎಂದ. ಹೆಸರೇನು ಎಂದು ಕೇಳಿದಾಗ ಇನ್ನೊಬ್ಬ "ಗೊತ್ತಿಲ್ಲ ಸಾ" ಎಂದ. ಮೇಷ್ಟ್ರು ಅವನ ಮುಖ ನೋಡಿದರು. ಆಮೇಲೆ ಕಿಟಕಿಯಾಚೆ ಬೇಲಿ ಹತ್ತಿರ ಸುಮ್ಮನೆ ನಿಂತಿದ್ದ ತಾತನ ಮುಖ ನೋಡಿದರು. ಅವರಿಗೆ ಆಗಲೇ ಅರ್ಥವಾಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಕೊನೆಗೆ ಇನ್‌ಸ್ಪೆಕ್ಟರು ನನ್ನನ್ನು ಎಬ್ಬಿಸಿ, ಹದಿನಾರು ಏಳಲ ಎಷ್ಟು ಎಂದರು. ನೂರಾ ಹನ್ನೆರಡು. ಇಡೀ ಸುಗ್ಗಿ ಗಿಣಿಗಳಿಗೆ ಕೂಗಿ ಹೇಳಿದ್ದೇ ಅದು. ಬಾಗಿಲ ಹತ್ತಿರ ಅಕ್ಕ ನಿಂತಿದ್ದಳು.

"ಗೊತ್ತಿಲ್ಲ ಸಾ" ಎಂದೆ.

ತಾತನ ಹೆದರಿಕೆಗೆ ಹಾಗೆಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮೇಷ್ಟ್ರು ಹೋಗುವುದು ನನಗೆ ಬೇಕಿರಲಿಲ್ಲ. ಅಕ್ಕನ ಹೈಸ್ಕೂಲಿಗಿಂತ ನನಗೆ ನನ್ನ ಮೇಷ್ಟ್ರು ದೊಡ್ಡವರಾಗಿದ್ದರು.

ಬೋಧನೆ ತೃಪ್ತಿಕರವಾಗಿಲ್ಲ ಎಂದು ಇನ್‌ಸ್ಪೆಕ್ಟರು ಬರೆದು ಹೋದರು. ಮಾರನೆಯ ದಿನ ಮೇಷ್ಟ್ರು ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಎಲ್ಲರೂ ಸರಿಯಾಗಿ ಹೇಳಿದೆವು, ಹೆಸರು ಮರೆತಿದ್ದವನು ಅಪ್ಪನ ಹೆಸರನ್ನೂ ಸೇರಿಸಿ ಹೇಳಿದ. ಮೇಷ್ಟ್ರು ಎದ್ದು ಭಾಗಾಕಾರ ಶುರು ಮಾಡಿದರು.

ಎರಡು ವರ್ಷಕ್ಕೆ ಅಕ್ಕನನ್ನು ಹಿರೀಸಾವೆಗೆ ಕೊಟ್ಟರು. ಗಂಡನದು ರಸ್ತೆ ಬದಿಯ ಹೋಟೆಲು. ಇನ್ನೆರಡು ವರ್ಷಕ್ಕೆ ಊರಿಗೆ ಬಸ್ಸು ಬಂತು. ನಾನು ಅದರಲ್ಲಿ ಕೂತು ಚನ್ನರಾಯಪಟ್ಟಣದ ಹೈಸ್ಕೂಲಿಗೆ ಹೋದೆ, ಹಾಸನದಲ್ಲಿ ಟ್ರೇನಿಂಗ್ ಮುಗಿಸಿದೆ, ಅರಕಲಗೂಡಿನ ಕಡೆ ಒಂದು ಹಳ್ಳಿಯಲ್ಲಿ ನಾನೂ ಮೇಡಮ್ಮಾದೆ.

ಮೇಷ್ಟ್ರು ನಮ್ಮೂರಿನಲ್ಲೇ ರಿಟೈರಾದರು. ಸನ್ಮಾನದ ದಿನ ಊರಿಗೆ ಊರೇ ಶಾಲೆಯ ಮುಂದೆ ಸೇರಿತು. ಹೊಗಳಿದರೂ ಇನ್ನು ಭಯವಿರಲಿಲ್ಲ. ಹನ್ನೊಂದು ವರ್ಷ ಕಟ್ಟಿಟ್ಟುಕೊಂಡಿದ್ದ ಹೊಗಳಿಕೆಯನ್ನೆಲ್ಲ ಒಬ್ಬೊಬ್ಬರೂ ಎದ್ದು ನಿಂತು ಸುರಿದರು. ತಾತ ಕೋಲೂರಿಕೊಂಡು ಕೊನೆಗೆ ಎದ್ದ.

"ಇಂತಾ ಮೇಷ್ಟ್ರು ಆಸನ ಜಿಲ್ಲೇಲೇ ಇಲ್ಲ. ಆವತ್ತು ಇನ್‌ಸ್ಪೆಟ್ರು ಮುಂದೆ ಮಕ್ಳ ಕೈಲಿ ಗೊತ್ತಿಲ್ಲ ಅನ್ನುಸ್ದೋನು ನಾನೇ ಕಣ್ರಪ್ಪಾ. ಇಲ್ದಿದ್ರೆ ಇವ್ರು ಎಂದೋ ಓಗ್ಬುಡೋರು."

ಜನ ಬಿದ್ದು ಬಿದ್ದು ನಕ್ಕರು. ಶಾಲು ಹೊದ್ದು ಕೂತಿದ್ದ ಮೇಷ್ಟ್ರು ತಲೆ ತಗ್ಗಿಸಿಕೊಂಡಿದ್ದರು.

ಹೆಂಗಸರ ಸಾಲಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಇದ್ದಳು, ತೊಡೆಯ ಮೇಲೆ ಚಿಕ್ಕ ಮಗು. ಅವಳು ನಗಲಿಲ್ಲ. ನನಗೆ ಅವಳ ಕಡೆ ತಿರುಗಲು ನಾಚಿಕೆಯಾಯಿತು.

"ನಿಂಗೆ ಆವತ್ತು ಬರ್ತಿತ್ತಾ?" ಎಂದಳು.

"ಬರ್ತಿತ್ತು ಅಕ್ಕ."

ಅವಳು ಮಗುವಿನ ಅಂಗಿಯ ಗುಂಡಿ ಹಾಕಿದಳು. ಬಿಚ್ಚಿದಳು. ಮತ್ತೆ ಹಾಕಿದಳು.

"ಅಪ್ಪನಿಗೆ ಪಾಠ ಹೇಳೋಕೇ ಬರಲ್ಲ ಅಂದ್ಕೊಂಡಿದ್ದೆ ಕಣೇ, ಇಷ್ಟು ವರ್ಷ. ಹಿರೀಸಾವೆಗೆ ಹೊರಟ ದಿನ ಅವರ ಮುಖಕ್ಕೇ ಅಂದಿದ್ದೆ. ನೀವು ಆ ಮಕ್ಕಳಿಗೆ ನೆಟ್ಟಗೆ ಕಲಿಸಿದ್ದಿದ್ರೆ ನಾನೂ ಓದ್ತಿದ್ದೆ ಅಂತ."

"ಅವರು ಏನಂದ್ರು?"

"ಹೌದು ಮಗಳೇ ಅಂದ್ರು."