ದೀಪ ಹಚ್ಚುವ ಹೊತ್ತಿನ ಸಮೀಕ್ಷೆ

ಜಿಗಣಿಯ ಸಿದ್ದಕ್ಕನಿಗೆ ಬರೆಯಲು ಬರುವುದು ಒಂದೇ ಪದ, ಅವಳ ಹೆಸರು. ಯಾದಗಿರಿ ಕಡೆಯಿಂದ ಗಂಡ ಸಂಗಣ್ಣನ ಜೊತೆ ಬಂದು ಗ್ರಾನೈಟ್ ಪಾಲಿಶ್ ಕಾರ್ಖಾನೆ ಸೇರಿದಾಗ ಹೆಬ್ಬೆಟ್ಟು ಒತ್ತಲು ನಾಚಿಕೆಯಾಗಿ, ಪಕ್ಕದ ರೂಮಿನವರನ್ನು ಕಾಡಿ ಕಲಿತಿದ್ದಳು. ಹನ್ನೊಂದು ವರ್ಷ ಹಾಜರಿ ಪುಸ್ತಕದಲ್ಲಿ ದಿನಕ್ಕೆರಡು ಸಲ ಅದನ್ನೇ ಬರೆದಳು. ಅವಳ ಸಹಿ ಪಕ್ಕದವರ ಜಾಗಕ್ಕೂ ನುಗ್ಗುತ್ತಿತ್ತಂತೆ. ಯಾರೂ ತಕರಾರು ಮಾಡಲಿಲ್ಲ.

ಹೋದ ವರ್ಷ ಪುಸ್ತಕ ಹೋಯಿತು. ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಮಷೀನು ಬಂತು. ಬೆಳಗ್ಗೆ ಅದು ಸಿದ್ದಕ್ಕನ ಗುರುತು ಹಿಡಿಯುತ್ತದೆ. ಸಂಜೆ ಹುಬ್ಬು, ರೆಪ್ಪೆಗೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು ಬಂದರೆ ಇವಳ್ಯಾರೋ ಗೊತ್ತಿಲ್ಲ ಅನ್ನುತ್ತದೆ. ಮುಖ ತೊಳೆಯೋಣವೆಂದರೆ ಅಲ್ಲಿನ ನೀರು ಪಾಲಿಶ್ ಮಷೀನಿಗೆ, ಮುಖಕ್ಕಲ್ಲ. ಹಾಗಾಗಿ ಕಂಪ್ಯೂಟರಿನ ಪ್ರಕಾರ ಒಳಗೆ ಹೋದ ಸಿದ್ದಕ್ಕ ಹೊರಗೆ ಬರುವುದೇ ಇಲ್ಲ. ಇಂಥ ಸಂಜೆಗಳು ಮೂವತ್ತು ದಾಟಿದರೆ ಹೆಸರು ತಾನಾಗಿಯೇ ಅಳಿಸಿ ಹೋಗುತ್ತದೆ, ನನ್ನ ಕೈಯಲ್ಲೇನೂ ಇಲ್ಲ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದ. ಮಷೀನು ಬಂದ ತಿಂಗಳೊಳಗೇ ಹತ್ತೊಂಬತ್ತಾಗಿತ್ತು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೊದಲ ಸಲ ಹೋದಾಗ ನನಗೆ ಬೇಕಾಗಿದ್ದದ್ದು ಇಷ್ಟೇ: ಮಷೀನಿನಿಂದ ಆಕೆಗೆ ಎಷ್ಟು ತೃಪ್ತಿ, ಒಂದರಿಂದ ಐದರೊಳಗೆ ಹೇಳಬೇಕು. ಹೊಸ ತಂತ್ರಜ್ಞಾನ ಬಂದರೆ ಸಮಾಜಕ್ಕೆ ಏನಾಗುತ್ತದೆ ಎಂದು ಅಳೆದು ಸರ್ಕಾರಕ್ಕೆ ತಿಳಿಸುವ ಕೇಂದ್ರವೊಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಅಳೆಯುವ ದೊಡ್ಡವರು ಏಸಿಯಲ್ಲಿ ಕೂತಿರುತ್ತಾರೆ. ಟ್ಯಾಬ್ ಹಿಡಿದು ಬೀದಿ ಸುತ್ತುವವಳು ನಾನು, ಆನೇಕಲ್ಲಿನ ಮಂಜುಶ್ರೀ. ಈ ಮಷೀನನ್ನು ಎಲ್ಲ ಸಣ್ಣ ಕಾರ್ಖಾನೆಗಳಿಗೂ ಕಡ್ಡಾಯ ಮಾಡಬೇಕೋ, ಪುಸ್ತಕವೂ ಜೊತೆಗಿರಲಿ ಅನ್ನಬೇಕೋ ಎಂದು ಕಾರ್ಮಿಕ ಇಲಾಖೆ ನಮ್ಮ ವರದಿ ನೋಡಿ ತೀರ್ಮಾನಿಸುವುದಿತ್ತು.

ಕೆಲಸದವರು ಮನೆ ಸೇರುವುದೇ ಸಂಜೆ ಆರೂವರೆಗೆ. ಹಾಗಾಗಿ ನಾನೂ ಆಗಲೇ ಹೋದೆ. ಸಾಲು ರೂಮುಗಳಲ್ಲಿ ಆಗತಾನೇ ದೀಪ ಹಚ್ಚಿದ್ದರು. ಸಿದ್ದಕ್ಕ ಮುಖ ತೊಳೆದು ಕುಂಕುಮವಿಟ್ಟು ಹೊಸ್ತಿಲಲ್ಲಿ ಕೂತಿದ್ದಳು. ಪ್ರಶ್ನೆ ಕೇಳಿದೆ.

"ಚೊಲೋ ಐತ್ರಿ," ಅಂದಳು.

ಐದು ಒತ್ತಿದೆ. ಪಕ್ಕದ ದಾನೇಶ್ವರಿಯೂ ಚೊಲೋ ಐತ್ರಿ ಅಂದಳು. ನಲವತ್ತು ರೂಮುಗಳಲ್ಲೂ ಐದಕ್ಕೆ ಐದು. ಇಷ್ಟು ಬೇಗ ಮುಗಿಯಿತಲ್ಲ ಎಂದು ಖುಷಿಯಲ್ಲಿ ಗೋಬಿ ತಿಂದು ಮನೆಗೆ ಹೋದೆ.

ಮಾರನೆಯ ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಸಿದ್ದಕ್ಕ ಸಿಕ್ಕಳು. ತಾನಾಗಿಯೇ ಎಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡಳು. ನನಗೆ ರೇಗಿತು.

"ಮತ್ತೆ ನಿನ್ನೆ ಯಾಕಕ್ಕ ಚೆನ್ನಾಗಿದೆ ಅಂದ್ರಿ?"

"ದೀಪಾ ಹಚ್ಚೂ ಹೊತ್ತಿನ್ಯಾಗ, ಮನಿಗೆ ಬಂದವರ ಮುಂದ, ಕೆಟ್ಟ ಮಾತು ಆಡ್ತಾರೇನ ತಂಗಿ? ನಿಮ್ಮವ್ವ ಹೇಳಿಲ್ಲೇನು?"

ಹೇಳಿದ್ದಳು. ಆ ಹೊತ್ತಿನಲ್ಲಿ ಉಪ್ಪಿಲ್ಲ ಅಂದರೂ ನಮ್ಮಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಟ್ಯಾಬಿಗೆ ಇದು ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ಗೊತ್ತಿದ್ದೂ ಐದು ಒತ್ತಿದ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಫೀಸಿಗೆ ಹೋಗಿ ನಮ್ಮ ಮುಖ್ಯಸ್ಥ ಅಂಬರೀಶ್ ಸಾರ್‌ಗೆ ಹೇಳಿದೆ. ಅವರು ಪರದೆಯಿಂದ ತಲೆ ಎತ್ತಲಿಲ್ಲ.

"ಡೇಟಾ ಲಾಕ್ ಆಗಿದೆ ಮಂಜುಶ್ರೀ. ನೂರಕ್ಕೆ ನೂರು ತೃಪ್ತಿ! ಜಪಾನ್‌ನಲ್ಲೂ ಬಂದಿಲ್ಲ ಕಣಮ್ಮ. ಒಂದು ಕೆಲ್ಸ ಮಾಡು, ಮುಂದಿನ ವಾರ ಇಲಾಖೆ ಮೇಡಂ ಬರ್ತಾರೆ, ಆ ಸಿದ್ದಕ್ಕನ್ನ ಸ್ಟೇಜಿಗೆ ಕರ್ಕೊಂಡು ಬಾ. ಜನರ ದನಿ ಅಂತ ಐದು ನಿಮಿಷ ಇಟ್ಟಿದೀನಿ."

ಎಷ್ಟು ಗಂಟೆಗೆ ಎಂದು ಕೇಳಿದೆ. ಬೆಳಗ್ಗೆ ಹನ್ನೊಂದಕ್ಕೆ ಅಂದರು. ಸಿದ್ದಕ್ಕನೂ ಅದನ್ನೇ ಕೇಳಿದಳು. "ಹಗಲ ಹನ್ನೊಂದಕ್ಕ ಆದ್ರ ಎಲ್ಲಾ ಹೇಳ್ತೀನಿ," ಎಂದು ಆ ದಿನಕ್ಕೆ ರಜೆ ಹಾಕಿದಳು. ಅಷ್ಟರಲ್ಲಿ ಅವಳ ಲೆಕ್ಕದ ಸಂಜೆಗಳು ಇಪ್ಪತ್ತನಾಲ್ಕಾಗಿದ್ದವು.

ಹೋಟೆಲಿನ ಸಭಾಂಗಣ ತುಂಬಿತ್ತು. ನಾಳಿನ ತಂತ್ರಜ್ಞಾನದ ಬಗ್ಗೆ ಮಾತಾಡಲು ಬಂದವರೆಲ್ಲ ಸೇರಿ ಮೊದಲು ಮಾಡಿದ ಕೆಲಸವೆಂದರೆ, ಆಳೆತ್ತರದ ಹಿತ್ತಾಳೆ ದೀಪವನ್ನು ತಂದು ನಿಲ್ಲಿಸಿ ಐದೂ ಬತ್ತಿ ಹಚ್ಚಿದ್ದು. ಏಸಿ ಗಾಳಿಗೆ ಅದು ಆರದ ಹಾಗೆ ಅಂಬರೀಶ್ ಸಾರ್ ವರದಿಯನ್ನೇ ಅಡ್ಡ ಹಿಡಿದು ನಿಂತರು. ಆ ವರದಿ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಆಗ ಮಾತ್ರ.

ಸಿದ್ದಕ್ಕನನ್ನು ಕರೆದರು. ಮೈಕಿನ ಮುಂದೆ ನಿಂತವಳು ದೀಪ ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಚೊಲೋ ಐತ್ರಿ ಅಂದುಬಿಡುತ್ತಾಳೆ ಅಂದುಕೊಂಡೆ. ಅವಳು ಮೈಕ್ ಬಿಟ್ಟು ದೀಪದ ಹತ್ತಿರ ಹೋದಳು. ಕೈಮುಗಿದಳು. ಬುಡದಲ್ಲಿದ್ದ ಸೇವಂತಿಗೆ ಎತ್ತಿಕೊಂಡು ಒಂದೊಂದು ಬತ್ತಿಗೂ ಒಂದೊಂದು ಹೂವು ಒತ್ತಿ, ಐದನ್ನೂ ಶಾಂತ ಮಾಡಿದಳು.

"ಈಗ ಹೇಳ್ತೀನ್ರಿ," ಅಂದಳು. ಹೇಳಿದಳು ಕೂಡ, ಕಲ್ಲಿನ ಪುಡಿ, ನಲ್ಲಿ, ಇಪ್ಪತ್ತನಾಲ್ಕು ಸಂಜೆ, ಪುಸ್ತಕದಲ್ಲಿ ತಾನು ಬರೆಯುತ್ತಿದ್ದ ಹೆಸರು, ಒಂದನ್ನೂ ಬಿಡದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಸಭೆ ಶುರುವಾಗುತ್ತಲೇ ದೀಪ ಆರಿತಲ್ಲ, ಅಪಶಕುನ, ಎಂದು ವಿಜ್ಞಾನಿಗಳೆಲ್ಲ ಗುಸುಗುಸು ಹಚ್ಚಿಕೊಂಡಿದ್ದರು.

ಕೇಳಿಸಿಕೊಂಡವರು ಇಲಾಖೆ ಮೇಡಂ ಒಬ್ಬರೇ. ಅವರಿಗೆ ನಿಜವಾಗಿಯೂ ಬೇಜಾರಾಯಿತು. "ಸಂಜೆ ಕೇಳಿದ್ದೇ ತಪ್ಪು. ಹೊಸದಾಗಿ ಸಮೀಕ್ಷೆ ಮಾಡಿ, ಬೆಳಗ್ಗೆ ಹೊತ್ತು ಮಾಡಿ. ವರದಿ ಬರೋವರೆಗೂ ಈಗಿರೋ ವ್ಯವಸ್ಥೆನೇ ಮುಂದುವರಿಲಿ," ಅಂದರು. ಈಗಿರುವ ವ್ಯವಸ್ಥೆ ಅಂದರೆ ಮಷೀನು. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು.

ಹೊಸ ಸಮೀಕ್ಷೆಗೆ ಅನುಮತಿ ಬರಲು ಒಂದೂವರೆ ತಿಂಗಳು ಹಿಡಿಯಿತು. ಬೆಳಗ್ಗೆ ಹತ್ತಕ್ಕೆ ಅದೇ ಸಾಲಿಗೆ ಹೋದೆ. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಮೂವತ್ತೊಂಬತ್ತು ಬಾಗಿಲಿಗೂ ಬೀಗ. ತೆರೆದಿದ್ದದ್ದು ಒಂದೇ, ಸಿದ್ದಕ್ಕನದು. ಅವಳ ಮೂವತ್ತು ಸಂಜೆಗಳು ಎಂದೋ ಮುಗಿದಿದ್ದವು.

ಒಳಗೆ ಕರೆದು ಚಹಾ ಕೊಟ್ಟಳು. "ಈಗ ಬರಕೋ ತಂಗಿ, ಎಲ್ಲಾ ಹೇಳ್ತೀನಿ," ಎಂದು ಎದುರಿಗೆ ಕೂತಳು.

ಮೊದಲ ಪ್ರಶ್ನೆ, ಈಗ ಎಲ್ಲಿ ಕೆಲಸ ಮಾಡುತ್ತಿದ್ದೀರಿ. ಎಲ್ಲೂ ಇಲ್ಲ ಎಂದು ಒತ್ತಿದೆ. ಟ್ಯಾಬ್ ಮುಂದೆ ಹೋಗಲಿಲ್ಲ. ನೀವು ಈ ಅಧ್ಯಯನಕ್ಕೆ ಅರ್ಹರಲ್ಲ, ಧನ್ಯವಾದಗಳು, ಇಲ್ಲಿ ಸಹಿ ಮಾಡಿ ಎಂದು ತೋರಿಸಿತು. ಸಿದ್ದಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡು ಪರದೆಯ ಉದ್ದಕ್ಕೂ ತನ್ನ ಹೆಸರು ಬರೆದಳು. ಬರೆದದ್ದನ್ನು ನೋಡಿ ಮುಖ ಅರಳಿತು.

"ಏನ್ ಬಂತು ತಂಗಿ?"

ಹಗಲು ಹತ್ತೂವರೆ. ಎಲ್ಲೂ ದೀಪ ಉರಿಯುತ್ತಿರಲಿಲ್ಲ.

"ಚೆನ್ನಾಗಿ ಬಂತಕ್ಕ," ಅಂದೆ.