ಸಮುದ್ರಕ್ಕೆ ಬೆನ್ನು

ಇಲ್ಲ, ದಡದಲ್ಲಿ ಎಚ್ಚರಿಕೆಯ ಕೆಂಪು ಬಾವುಟವನ್ನು ನಾನೇ ಆಮೇಲೆ ನೆನಪಿಗೆ ಸೇರಿಸಿಕೊಂಡಿರಬೇಕು. ಸೀಟಿ ಮಾತ್ರ ನಿಜ. ಮಂಗಳೂರು ನೋಡಲು ಹೋಗಿದ್ದೆವು: ಸಾಸ್ವೆಹಳ್ಳಿಯ ಸೋದರಮಾವ, ಅತ್ತೆ, ಚನ್ನಗಿರಿಯಿಂದ ನಾನು. ದೇವಸ್ಥಾನ, ಲೈಟ್‌ಹೌಸ್, ಮ್ಯೂಸಿಯಂ ಮುಗಿಸಿ ಸಮುದ್ರಕ್ಕೆ ಬಂದಾಗ ಸಂಜೆ. ಮ್ಯೂಸಿಯಂನಲ್ಲಿ ಕತ್ತಿಗಳಿದ್ದವು ಅನ್ನಿಸುತ್ತದೆ. ಆ ದಿನಕ್ಕೆ ಕತ್ತಿ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನಂಬುವುದಿಲ್ಲ.

“ನಮ್ ಹೊಳೀಗಿಂತ ಒಂಚೂರು ದೊಡ್ಡದೈತೆ, ಅಷ್ಟೆ,” ಎಂದ ಮಾವ.

“ಹಂಗಾದ್ರೆ ಈಜಿ ಆ ದಡ ಮುಟ್ಟಿ ಬರ್ರಿ. ಅಷ್ಟ್ರಾಗೆ ನಾನು ಚಾ ಕುಡೀತೀನಿ.”

ಹಾಗೆಂದ ಅತ್ತೆ ತಾನೇ ನೀರಿಗಿಳಿದಳು. ಹೊಳೆಯಲ್ಲಿ ನಮ್ಮ ಹೆಂಗಸರು ದಡದ ಕಡೆ ಮುಖ ಮಾಡಿ ಮುಳುಗುತ್ತಾರೆ, ಬಟ್ಟೆಗಂಟಿನ ಮೇಲೆ ಕಣ್ಣಿಡಲು. ಅತ್ತೆಯೂ ಹಾಗೇ ನಿಂತಳು.

“ಬೆನ್ನು ಹಾಕಬೇಡಿ ಮಾರಾಯ್ರೆ!” ಸೀಟಿ ಊದಿ ದಡದ ಕಾವಲಿನವನು ಕೂಗಿದ.

ಅಲೆ ಅವಳನ್ನು ಹಿಂದಿನಿಂದ ಹೊಡೆದು ಕೆಡವಿತು, ಒಳಕ್ಕೆಳೆಯಿತು. ಕಾವಲಿನವನು ಹಾರಿ, ಸಿಕ್ಕಿದ ಜಡೆಯನ್ನೇ ಹಿಡಿದು ಎಳೆದ. ಎದೆಮಟ್ಟದ ನೀರಿಗೆ ನುಗ್ಗಿದ ಮಾವನಿಗೆ ಕಂಡದ್ದು ಅಷ್ಟೇ: ಹೆಂಡತಿಯ ಜಡೆ ಹಿಡಿದ ಪರಗಂಡಸು.

“ಯಾರ ಹೆಂಡ್ತಿ ಮೈ ಮುಟ್ತೀಯಲೇ!”

ಮುಷ್ಟಿ ಬಾಯಿಗೇ ಬಿತ್ತು. ಮತ್ತೊಂದು ಮೂಗಿಗೆ. ಅತ್ತೆ ಮಾಯವಾಗಿದ್ದಳು. ಕಾವಲಿನವನ ಕೈಯಲ್ಲಿ ಒಂದು ಹಿಡಿ ಕೂದಲು ಉಳಿದಿತ್ತು. ಅವನು ಮಾವನ ಹೊಟ್ಟೆಗೆ ಒದ್ದು ಪಕ್ಕಕ್ಕೆ ತಳ್ಳಿ ಮುಳುಗಿದ. ಈ ಸಲ ರಟ್ಟೆ ಹಿಡಿದು ಎಳೆತಂದ. ಮರಳಿನ ಮೇಲೆ ಅತ್ತೆ ನೀರು ಕಾರುತ್ತಿದ್ದರೆ ಅವನ ಬಾಯಿಯ ರಕ್ತ ಅವಳ ಕೆನ್ನೆಗೆ ತೊಟ್ಟಿಕ್ಕುತ್ತಿತ್ತು. ಮಾವನ ಬೈಗುಳ ನಿಂತಿರಲಿಲ್ಲ.

ಅವಳ ನೆತ್ತಿಯ ಹಿಂದೆ ಆ ಜಾಗದಲ್ಲಿ ಇನ್ನೂ ಕೂದಲು ಬಂದಿಲ್ಲ. ಹೂವಿನಿಂದ ಮುಚ್ಚುತ್ತಾಳೆ. ಕಾವಲಿನವನ ಕೈ ಆಗಲೇ ತಪ್ಪಿತ್ತು, ಕೂದಲು ಕಿತ್ತದ್ದು ನೀರು, ತಾನು ಹೊಡೆದದ್ದು ಆಮೇಲೆ ಎಂದು ಮಾವ ಊರೆಲ್ಲ ಹೇಳುತ್ತಾನೆ. ಮೊನ್ನೆ ಸಾಸ್ವೆಹಳ್ಳಿಗೆ ಹೋದಾಗ ಅತ್ತೆ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡಳು.

“ನೀನು ಅಲ್ಲೇ ಇದ್ದಿ. ಕೈ ತಪ್ಪಿದ್ದು ಮೊದ್ಲಾ, ಇವ್ರು ಹೊಡ್ದಿದ್ದು ಮೊದ್ಲಾ? ಹೊಡ್ದಿದ್ದು ಮೊದ್ಲು ಅಂದ್ರೆ ನಾಳೆನೇ ಜಗಳೂರಿಗೆ ಹೋಗ್ತೀನಿ, ತವರಿಗೆ. ತಿರುಗಿ ಬರಾಕಿಲ್ಲ.”

ಹೊರಗೆ ಮಾವನ ಕೆಮ್ಮು ಕೇಳುತ್ತಿತ್ತು. ಕಣ್ಣು ಮುಚ್ಚಿದೆ. ಮುಷ್ಟಿ ಮೊದಲು ಬಂತು. ಮತ್ತೆ ನೋಡಿದೆ, ಖಾಲಿ ನೀರು ಮೊದಲು ಬಂತು. ಎರಡೂ ಅಷ್ಟೇ ಸ್ಪಷ್ಟ. ಎರಡರಲ್ಲೂ, ಅಲ್ಲಿರದಿದ್ದ ಆ ಕೆಂಪು ಬಾವುಟ ಹಾರುತ್ತಿತ್ತು.

“ಗೊತ್ತಿಲ್ಲ ಅತ್ತೆ,” ಎಂದೆ.

ಅವಳು ನಂಬಲಿಲ್ಲ. ಆದರೆ ನನಗೆ ನಿಜವಾಗಿಯೂ ಗೊತ್ತಿಲ್ಲ.